ಬೆಡ್‌ಫರ್ಡ್ ಜೈಲಿನ ಹೆಂಗಸರ ಫೈಲು ಓದಿದ್ದು

ಹುಬ್ಬಳ್ಳಿಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ನಾನು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಗೆ ಬಂದ ಮೇಲೆ ಹಳೇ ದಾಖಲೆ ಕಾಪಾಡುವ ಕೆಲಸ ಕಲಿಯೋಣ ಅಂತ ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನದ ಕೋರ್ಸಿಗೆ ಸೇರಿದೆ. ಕೊನೆಗೆ ಒಂದು ಪ್ರಾಜೆಕ್ಟ್ ಇರುತ್ತದೆ. ಯಾವುದಾದರೂ ಒಂದು ಸಂಸ್ಥೆಯ ದಾಖಲೆ ತೆಗೆದುಕೊಂಡು, ಅದನ್ನು ಯಾರು ಬರೆದರು, ಯಾಕೆ ಬರೆದರು, ಮುಂದೆ ಓದುವವರಿಗೆ ಏನು ತಿಳಿದಿರಬೇಕು ಅಂತ ವಿವರಣೆ ಬರೆಯಬೇಕು. ನಾನು ಆರಿಸಿಕೊಂಡದ್ದು ಬೆಡ್‌ಫರ್ಡ್ ಹಿಲ್ಸ್ ಹೆಂಗಸರ ಜೈಲಿನ ಕೇಸ್ ಫೈಲುಗಳನ್ನು.

ಬೆಡ್‌ಫರ್ಡ್ ಹಿಲ್ಸ್ ಇರುವುದು ನ್ಯೂಯಾರ್ಕ್ ನಗರದ ಉತ್ತರಕ್ಕೆ. ಈಗಲೂ ಅಲ್ಲಿ ಹೆಂಗಸರ ಜೈಲಿದೆ. 1901ರಲ್ಲಿ ಶುರುವಾದಾಗ ಅದಕ್ಕೆ ಜೈಲು ಅನ್ನುತ್ತಿರಲಿಲ್ಲ, ರಿಫಾರ್ಮೇಟರಿ, ಅಂದರೆ ತಿದ್ದುವ ಸಂಸ್ಥೆ, ಅನ್ನುತ್ತಿದ್ದರು. 16ರಿಂದ 30 ವರ್ಷದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಸಣ್ಣಪುಟ್ಟ ಕಳ್ಳತನ, ಬೀದಿ ಅಲೆತ, ವೇಶ್ಯಾವೃತ್ತಿಯ ಆರೋಪ, ಮನೆಯವರ ಮಾತು ಕೇಳದಿರುವುದು, ಎಲ್ಲಕ್ಕೂ ಅದೇ ಜಾಗ. ನ್ಯಾಯಾಧೀಶರು ಇಷ್ಟೇ ದಿನ ಅಂತ ಶಿಕ್ಷೆ ಬರೆಯುತ್ತಿರಲಿಲ್ಲ. ಹೆಚ್ಚೆಂದರೆ 3 ವರ್ಷ. ಅದರೊಳಗೆ ಯಾವಾಗ ಬಿಡಬೇಕು ಅನ್ನೋದನ್ನು ಸಂಸ್ಥೆಯೇ ನೋಡಿ ತೀರ್ಮಾನಿಸುತ್ತಿತ್ತು. ನೋಡುವುದು ಅಂದರೆ ಬರೆದಿಡುವುದು. ಹಾಗಾಗಿ ಅಲ್ಲಿ ಫೈಲು ಅನ್ನೋದು ಬರೀ ಗುಮಾಸ್ತರ ಕೆಲಸ ಆಗಿರಲಿಲ್ಲ, ಬಾಗಿಲ ಕೀಲಿಯೇ ಅದಾಗಿತ್ತು.

ನಾನು ನೋಡಿದ ಫೈಲುಗಳು 1915ರಿಂದ 1930ರ ನಡುವಿನವು. ಅವು ಇರುವುದು ಆಲ್ಬನಿಯಲ್ಲೇ, ರಾಜ್ಯದ ಪತ್ರಾಗಾರದಲ್ಲಿ. ಓದುವ ಕೋಣೆಯ ನಿಯಮ ಇಂಥ ಎಲ್ಲ ಕಡೆ ಇರುವಂಥದ್ದೇ. ಬ್ಯಾಗು ಹೊರಗೆ, ಪೆನ್ನು ಬೇಡ, ಪೆನ್ಸಿಲ್ ಸಾಕು, ಒಂದು ಸಲಕ್ಕೆ ಒಂದೇ ಫೋಲ್ಡರ್. ಅದಕ್ಕಿಂತ ಬಿಗಿಯಾಗಿದ್ದದ್ದು ನನ್ನ ಮಾರ್ಗದರ್ಶಿಯ ಷರತ್ತು. ಕೈದಿಯ ಹೆಸರು ಪ್ರಾಜೆಕ್ಟಿನಲ್ಲಿ ಮಾತ್ರವಲ್ಲ, ನನ್ನ ನೋಟ್‌ಬುಕ್ಕಿನಲ್ಲೂ ಬರಬಾರದು. ಊರು, ಹುಟ್ಟಿದ ದಿನ, ಗಂಡನ ಕೆಲಸ ಬರೆದುಕೊಳ್ಳಬಾರದು. ಒಂದು ಸಂಕೇತ ಸಂಖ್ಯೆ ಕೊಟ್ಟುಕೊಂಡು ಮುಂದೆ ಹೋಗಬೇಕು. ಇಲ್ಲಿಯೂ ಅದನ್ನೇ ಪಾಲಿಸುತ್ತಿದ್ದೇನೆ. ಯಾವ ಹೆಣ್ಣುಮಗಳನ್ನೂ ಗುರುತಿಸಬಹುದಾದ ಮಾತು ಇಲ್ಲಿಲ್ಲ. ಫೈಲನ್ನು ಕಟ್ಟಿದ ಬಗೆ ಮಾತ್ರ ಹೇಳುತ್ತೇನೆ.

ಮೊದಲಿಗೆ ಬರುವುದು ದಾಖಲಾತಿಯ ಹಾಳೆ. ಆಮೇಲೆ 'ಹುಡುಗಿಯ ಹೇಳಿಕೆ' ಅನ್ನೋ ಟೈಪ್ ಮಾಡಿದ ಪುಟಗಳು. ಅವಳೇ ಹೇಳಿದ್ದು ಅಂತ ಹೆಸರು, ಆದರೆ ಬರೆದದ್ದು ಬೇರೆಯವರು. 'ಹೇಳುತ್ತಾಳೆ', 'ಒಪ್ಪಿಕೊಳ್ಳುತ್ತಾಳೆ', 'ನಿರಾಕರಿಸುತ್ತಾಳೆ' ಅಂತ ವಾಕ್ಯಗಳು ಹೋಗುತ್ತವೆ. ಅದಾದ ಮೇಲೆ 'ವೆರಿಫೈಡ್ ಹಿಸ್ಟರಿ'. ಇದು ಹೊರಗೆ ಓಡಾಡಿ ತಂದ ಮಾಹಿತಿ. ತಾಯಿ, ಅಕ್ಕತಂಗಿಯರು, ಮನೆ ಮಾಲೀಕರು, ಕೆಲಸ ಕೊಟ್ಟವರು, ಹಳೇ ಶಾಲೆ, ಪಾದ್ರಿ, ಎಲ್ಲರ ಹತ್ತಿರ ಹೋಗಿ ಕೇಳಿಕೊಂಡು ಬಂದದ್ದು. ಮಾನಸಿಕ ಪರೀಕ್ಷೆಯ ಹಾಳೆ ಇರುತ್ತದೆ. ಒಳಗಿನ ನಡವಳಿಕೆ, ಕೊಟ್ಟ ಶಿಕ್ಷೆ, ಪರೋಲ್ ಮೇಲೆ ಬಿಟ್ಟಾಗಿನ ವರದಿ. ಕೊನೆಗೆ ಕಾಗದಗಳು. ಅವುಗಳ ಮಾತು ಆಮೇಲೆ.

ಒಬ್ಬ ಹುಡುಗಿ ಪೇಟಿಕೋಟು ಕದ್ದಳು ಅಂದುಕೊಳ್ಳಿ. ಅದಕ್ಕೆ ಅವಳ ಅಜ್ಜನ ಕುಡಿತದ ಬಗ್ಗೆ ಸರ್ಕಾರ ಯಾಕೆ ವಿಚಾರಿಸಬೇಕು? ಇದು ಗೊತ್ತಾಗಬೇಕಾದರೆ ಜೈಲಿನ ಪಕ್ಕದ ಹೊಲಕ್ಕೆ ಹೋಗಬೇಕು.

ಬೆಡ್‌ಫರ್ಡಿನ ಮೊದಲ ಸೂಪರಿಂಟೆಂಡೆಂಟ್ ಕ್ಯಾಥರಿನ್ ಬೆಮೆಂಟ್ ಡೇವಿಸ್. 1900ರಲ್ಲೇ ಶಿಕಾಗೊ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಮಾಡಿದ ಹೆಣ್ಣುಮಗಳು. ಕೈದಿಗಳನ್ನು ಬಯಲಿಗೆ ತಂದು, ತೋಟ ಮಾಡಿಸಿ, ಕಾಂಕ್ರೀಟ್ ಹಾಕುವ ಕೆಲಸ ಕಲಿಸಿ, ಪಾಠ ಹೇಳಿಸಿದವಳು. ಅವಳ ಒಂದು ವಾದ ಹೀಗಿತ್ತು. ಕೋರ್ಟಿನಲ್ಲಿ ಕೆಲವೇ ನಿಮಿಷ ನೋಡಿ ಶಿಕ್ಷೆ ಕೊಡುವುದು ಮೂರ್ಖತನ, ಮೊದಲು ಹೆಂಗಸನ್ನು ಪೂರ್ತಿ ಅಧ್ಯಯನ ಮಾಡಿ. ಕೇಳಲು ಚೆನ್ನಾಗಿದೆ, ಅಲ್ವಾ? ಎಣ್ಣೆ ವ್ಯಾಪಾರದ ಸಿರಿವಂತರ ಮಗ ಜಾನ್ ಡಿ. ರಾಕ್‌ಫೆಲರ್ ಜೂನಿಯರ್‌ಗೂ ಚೆನ್ನಾಗಿ ಕಂಡಿತು. ಅವರು ಜೈಲಿನ ಪಕ್ಕದ ಜಮೀನು ಕೊಂಡು, 1912ರಲ್ಲಿ 'ಲ್ಯಾಬೊರೇಟರಿ ಆಫ್ ಸೋಷಿಯಲ್ ಹೈಜೀನ್' ಅನ್ನೋ ಸಂಸ್ಥೆ ನಡೆಸಲು ದುಡ್ಡು ಕೊಟ್ಟರು. ಮನಶ್ಶಾಸ್ತ್ರಜ್ಞರು, ವೈದ್ಯರು, ಮನೆಮನೆಗೆ ಹೋಗುವ ಫೀಲ್ಡ್ ವರ್ಕರ್‌ಗಳು ಅಲ್ಲಿಗೆ ಬಂದರು. 1914ರಲ್ಲಿ ಡೇವಿಸ್ ನ್ಯೂಯಾರ್ಕ್ ನಗರದ ಜೈಲುಗಳ ಕಮಿಷನರ್ ಆಗಿ ಹೋದಳು. 1918ರಲ್ಲಿ ಲ್ಯಾಬ್ ಮುಚ್ಚಿತು. ಫಾರಂ ತುಂಬುವ ಪದ್ಧತಿ ಮಾತ್ರ ಉಳಿಯಿತು.

ಅದು ಯೂಜೆನಿಕ್ಸ್ ಕಾಲ. ಒಳ್ಳೆಯ ತಳಿ ಬೆಳೆಸಬೇಕು, ಕೆಟ್ಟ ತಳಿ ನಿಲ್ಲಿಸಬೇಕು ಅನ್ನೋ ದನಕರುಗಳ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದ ಕಾಲ. ಇದು ಉಪಮೆ ಅಲ್ಲ. ಅಮೆರಿಕದಲ್ಲಿ ಈ ಚಳವಳಿಯ ಮೊದಲ ಸಮಿತಿ ಹುಟ್ಟಿದ್ದೇ ಜಾನುವಾರು ಮತ್ತು ಬೀಜ ತಳಿಗಾರರ ಸಂಘದೊಳಗೆ. 1910ರಲ್ಲಿ ಲಾಂಗ್ ಐಲೆಂಡಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಜೀವಶಾಸ್ತ್ರಜ್ಞ ಚಾರ್ಲ್ಸ್ ಡ್ಯಾವೆನ್‌ಪೋರ್ಟ್ 'ಯೂಜೆನಿಕ್ಸ್ ರೆಕಾರ್ಡ್ ಆಫೀಸ್' ತೆರೆದರು. ಹ್ಯಾರಿ ಲಾಫ್ಲಿನ್ ಅದರ ಮೇಲ್ವಿಚಾರಕ. ರೈಲ್ವೆ ಸಿರಿವಂತ ಹ್ಯಾರಿಮನ್‌ನ ಹೆಂಡತಿ ದುಡ್ಡು ಹಾಕಿದರು. ಬೇಸಿಗೆಯಲ್ಲಿ ಅಲ್ಲಿ ಫೀಲ್ಡ್ ವರ್ಕರ್‌ಗಳಿಗೆ ತರಬೇತಿ ನಡೆಯುತ್ತಿತ್ತು. ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯರು. ತರಬೇತಿ ಮುಗಿಸಿದವರನ್ನು ಹುಚ್ಚಾಸ್ಪತ್ರೆ, ಜೈಲು, ಅನಾಥಾಲಯಗಳಿಗೆ ಕಳಿಸುತ್ತಿದ್ದರು. ಅಲ್ಲಿರುವವರ ವಂಶವೃಕ್ಷ ಬರೆಯುವುದು ಅವರ ಕೆಲಸ.

ಅವರು ಬಳಸುತ್ತಿದ್ದ ಚಿಹ್ನೆಗಳನ್ನು ಕಲಿಯದೆ ಚಾರ್ಟು ಓದಲಾಗುವುದಿಲ್ಲ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಸರಿ ಇದ್ದವರಿಗೆ 'ಎನ್', ಮಂದಬುದ್ಧಿಗೆ 'ಎಫ್', ಕುಡುಕರಿಗೆ 'ಎ', ಅಪರಾಧಿಗೆ 'ಸಿ', ಕ್ಷಯ ಇದ್ದವರಿಗೆ 'ಟಿ', ನಡತೆ ಸರಿಯಿಲ್ಲ ಅಂದವರಿಗೆ 'ಎಸ್‌ಎಕ್ಸ್'. ಯಾರಿಂದ ಈ ವಂಶವೃಕ್ಷ ಶುರುವಾಯಿತೋ ಆ ಕೈದಿಯ ಕಡೆಗೆ ಬೆರಳು ಮಾಡಿದ ಒಂದು ಪುಟ್ಟ ಕೈ. ಡ್ಯಾವೆನ್‌ಪೋರ್ಟ್ 1912ರಲ್ಲಿ ಗುಣಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ್ದರು. ಪ್ರತಿ ಗುಣಕ್ಕೂ ನಂಬರು. ಚದುರಂಗ ಆಡುವ ಶಕ್ತಿಗೆ 4598. ಓದಿ ನಗು ಬಂತು. ನಂತರ ಅದೇ ಪಟ್ಟಿಯನ್ನು ಹಿಡಿದುಕೊಂಡು ಯಾರ ಮನೆ ಬಾಗಿಲಿಗೋ ಹೋದವರ ನೆನಪಾಗಿ ನಗು ನಿಂತಿತು.

ನನ್ನ ಕೆಲಸಕ್ಕೆ ಒಂದು ದಾರಿ ಸಿಕ್ಕಿದ್ದು 'ಮಂದಬುದ್ಧಿ' ಅನ್ನೋ ಮಾತಿನ ಬೆನ್ನು ಹತ್ತಿದಾಗ. ಒಂದು ಫೈಲಿನ ಕೊನೆಯ ಸಾರಾಂಶದಲ್ಲಿ 'ತಾಯಿ ಮಂದಬುದ್ಧಿ' ಅಂತಿತ್ತು. ಪ್ರಶ್ನೆಯೇ ಇಲ್ಲ ಅನ್ನುವಂಥ ವಾಕ್ಯ. ತಾಯಿಗೆ ಪರೀಕ್ಷೆ ಯಾವಾಗ ಮಾಡಿದರು ಅಂತ ಹಿಂದೆ ಹಿಂದೆ ಹೋದೆ. ಸಿಬ್ಬಂದಿ ಸಭೆಯ ಟಿಪ್ಪಣಿಯಲ್ಲಿ 'ತಾಯಿ ಬಹುಶಃ ಮಂದಬುದ್ಧಿ'. ಅದರ ಹಿಂದಿನ ವೆರಿಫೈಡ್ ಹಿಸ್ಟರಿಯಲ್ಲಿ 'ತಾಯಿ ಪ್ರಶ್ನೆಗಳನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳುತ್ತಾಳೆ, ಮನೆ ಕೊಳಕು'. ಅದೇ ಪುಟದ ಮೇಲೆ ನೋಡಿದರೆ ತಾಯಿ ಬೇರೆ ದೇಶದಿಂದ ಬಂದವಳು, ಇಂಗ್ಲಿಷ್ ಸರಿಯಾಗಿ ಬಾರದು. ಪರೀಕ್ಷೆ ಎಲ್ಲೂ ಇಲ್ಲ! ಒಂದು ಹಾಳೆಯಿಂದ ಇನ್ನೊಂದಕ್ಕೆ ನಕಲು ಮಾಡುವಾಗ 'ಬಹುಶಃ' ಬಿದ್ದುಹೋಗಿತ್ತು, ಅಷ್ಟೆ.

ಆಮೇಲೆ ನನ್ನ ಓದುವ ಕ್ರಮವೇ ಬದಲಾಯಿತು. ಪ್ರತಿ ದೊಡ್ಡ ಮಾತಿನ ಎದುರು ಒಂದು ಅಂಕಣ ಎಳೆದೆ. ಇದನ್ನು ಮೊದಲು ಹೇಳಿದವರು ಯಾರು? 'ಕುಡುಕ ತಂದೆ' ಅಂದವಳು ಬಾಡಿಗೆ ಬಾಕಿ ಇದ್ದ ಮನೆಯ ಒಡತಿ. 'ಚಿಕ್ಕಂದಿನಿಂದ ಹಟಮಾರಿ' ಅಂದವಳು ಮಲತಾಯಿ. 'ಅಕ್ಕನೂ ಅಂಥವಳೇ' ಅಂದದ್ದು ಯಾರು ಅಂತಲೇ ಇಲ್ಲ, 'ನೆರೆಯವರ ಪ್ರಕಾರ' ಅಷ್ಟೇ. ಕೆಲವು ಕಡೆ ಫೀಲ್ಡ್ ವರ್ಕರ್ ಬಹಳ ಪ್ರಾಮಾಣಿಕವಾಗಿ 'ಇವರಿಗೂ ಆ ಕುಟುಂಬಕ್ಕೂ ಜಗಳವಿದೆ' ಅಂತ ಬರೆದಿದ್ದಾಳೆ. ಆದರೆ ಚಾರ್ಟಿಗೆ ಹೋಗುವಾಗ ಜಗಳ ಎಲ್ಲಿ ಬರೆಯುವುದು? ಜಗಳಕ್ಕೆ ಚಿಹ್ನೆ ಇಲ್ಲ. ಬಡತನಕ್ಕೂ ಇಲ್ಲ. 'ಎ' ಬರೆದರೆ ಮುಗಿಯಿತು.

ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ಅವರ ಫೀಲ್ಡ್ ವರ್ಕರ್‌ಗಳು ಎಂದೋ ಸತ್ತುಹೋದವರಿಗೂ ಊರ ಹಿರಿಯರ ನೆನಪಿನ ಮೇಲೆ 'ಎಫ್' ಹಚ್ಚಿದರು. ತಮ್ಮ ತೀರ್ಮಾನಗಳಲ್ಲಿ ಕೆಲವನ್ನು ಗೊಡಾರ್ಡ್ 1928ರ ಹೊತ್ತಿಗೆ ತಾವೇ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಚಾರ್ಟುಗಳು ಪಠ್ಯಪುಸ್ತಕ ಸೇರಿಯಾಗಿತ್ತು.

ಈ ಅಕ್ಷರಗಳಿಂದ ಏನು ಆಗುತ್ತಿತ್ತು ಅನ್ನೋದು ಮುಖ್ಯ. 1920ರಲ್ಲಿ ನ್ಯೂಯಾರ್ಕ್ ರಾಜ್ಯ ಬೆಡ್‌ಫರ್ಡಿನಲ್ಲೇ ಒಂದು ಬೇರೆ ವಿಭಾಗ ತೆರೆಯಿತು, 'ಮಾನಸಿಕ ಕೊರತೆಯ ಅಪರಾಧಿ' ಹೆಂಗಸರಿಗಾಗಿ. ಅಲ್ಲಿಗೆ ಹಾಕಿದವರಿಗೆ 3 ವರ್ಷದ ಮಿತಿ ಇಲ್ಲ. ಅಧಿಕಾರಿಗಳು ಸಾಕು ಅನ್ನುವವರೆಗೂ ಒಳಗೆ. ಅಂದರೆ ಹೆಸರಿನ ಮುಂದೆ ಒಂದು ಪದ ಸೇರಿದರೆ ಶಿಕ್ಷೆಗೆ ಕೊನೆಯೇ ಇರದ ಹಾಗಾಗಬಹುದಿತ್ತು. ಇದಕ್ಕೂ ಬಹಳ ಮೊದಲು, 1878ರಲ್ಲೇ, ಇದೇ ರಾಜ್ಯದ ನ್ಯೂಆರ್ಕ್ ಅನ್ನೋ ಊರಿನಲ್ಲಿ 'ಮಂದಬುದ್ಧಿ' ಹೆಂಗಸರಿಗೆ ಅಂತಲೇ ಒಂದು ಸಂಸ್ಥೆ ತೆರೆದಿದ್ದರು. ಮಕ್ಕಳಾಗುವ ವಯಸ್ಸಿನಲ್ಲಿ ಅವರನ್ನು ಕೂಡಿಹಾಕುವುದೇ ಅದರ ಗುರಿ. ಸಂತಾನಹರಣ ಶಸ್ತ್ರಕ್ರಿಯೆಗೂ ನ್ಯೂಯಾರ್ಕ್ 1912ರಲ್ಲಿ ಕಾನೂನು ಮಾಡಿತ್ತು, 1918ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಹಾಗಾಗಿ ಇಲ್ಲಿ ಚಾಕುವಿಗಿಂತ ಬೀಗವೇ ಜಾಸ್ತಿ ಕೆಲಸ ಮಾಡಿತು.

ಚಾಕುವಿನ ಕಥೆ ನೋಡಬೇಕಾದರೆ ವರ್ಜೀನಿಯಾಗೆ ಹೋಗಬೇಕು ಅಂದುಕೊಂಡಿದ್ದೆ. ಅದು ನಮ್ಮ ವಿಶ್ವವಿದ್ಯಾಲಯದ ವಿಶೇಷ ಸಂಗ್ರಹದಲ್ಲೇ ಇತ್ತು. ರೆಕಾರ್ಡ್ ಆಫೀಸಿನ ಆರ್ಥರ್ ಎಸ್ಟಾಬ್ರೂಕ್ ಅವರ ಕಾಗದಪತ್ರಗಳು ಆಲ್ಬನಿಯಲ್ಲಿವೆ. 1924ರಲ್ಲಿ ಅವರು ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ 'ಮಂದಬುದ್ಧಿ' ಅಂದವರನ್ನು ಇಡುತ್ತಿದ್ದ ಸಂಸ್ಥೆಗೆ ಹೋಗಿ, ಅಲ್ಲಿದ್ದ ಕ್ಯಾರಿ ಬಕ್ ಮತ್ತು ಅವಳ ತಾಯಿ ಎಮ್ಮಾರ ಫೋಟೊ ತೆಗೆದರು. ಇಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದಾರೆ. ಇನ್ನೊಂದು ಚಿತ್ರದಲ್ಲಿ ಕ್ಯಾರಿಯ ಕೂಸು ವಿವಿಯನ್, ಸಾಕುತಾಯಿಯ ತೊಡೆಯ ಮೇಲೆ. ಕ್ಯಾರಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಬಹುದೇ ಅನ್ನುವ ಕೇಸಿನಲ್ಲಿ, ಆ ಕೂಸು ಸರಾಸರಿಗಿಂತ ಕಡಿಮೆ ಅಂತ ಎಸ್ಟಾಬ್ರೂಕ್ ಸಾಕ್ಷಿ ಹೇಳಿದರು. ಇನ್ನೂ ಒಂದು ವರ್ಷ ತುಂಬದ ಕೂಸು! ಸಮಾಜಸೇವಕಿಯೊಬ್ಬರು 'ಅದರ ನೋಟದಲ್ಲೇ ಏನೋ ಸರಿಯಿಲ್ಲ' ಅನ್ನುವ ಅರ್ಥದ ಮಾತು ಹೇಳಿದರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಂದಬುದ್ಧಿಯವರ ಮೂರು ತಲೆಮಾರು ಸಾಕು ಅಂತ ತೀರ್ಪು ಬರೆದು ಕ್ಯಾರಿಯ ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನು ಬಂದವು. 60,000ಕ್ಕೂ ಹೆಚ್ಚು ಜನರಿಗೆ ಈ ಶಸ್ತ್ರಕ್ರಿಯೆ ಆಯಿತು. ವಿವಿಯನ್ ಶಾಲೆಗೆ ಹೋದಳು. 1931ರಲ್ಲಿ ಅವಳ ಹೆಸರು ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲಿತ್ತು. ಮರುವರ್ಷ ಕಾಯಿಲೆಯಿಂದ ತೀರಿಕೊಂಡಳು, 8 ವರ್ಷಕ್ಕೆ. ಶಾಲೆಯ ಪುಸ್ತಕವೂ ದಾಖಲೆಯೇ. ಯಾವ ದಾಖಲೆಯನ್ನು ಯಾರೂ ಕೇಳಲಿಲ್ಲ ಅನ್ನೋದನ್ನೂ ಬರೆದಿಡಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಎಸ್ಟಾಬ್ರೂಕ್ ಪೆಟ್ಟಿಗೆಗಳಲ್ಲಿ ಇನ್ನೊಂದು ಹಳೇ ಎಳೆಯೂ ಇದೆ. 1874ರಲ್ಲಿ ರಿಚರ್ಡ್ ಡಗ್ಡೇಲ್ ನ್ಯೂಯಾರ್ಕಿನ ಅಲ್ಸ್ಟರ್ ಕೌಂಟಿ ಜೈಲಿಗೆ ತಪಾಸಣೆಗೆ ಹೋದಾಗ ಆರು ಕೈದಿಗಳು ಒಬ್ಬರಿಗೊಬ್ಬರು ನಂಟಿರುವವರು ಅಂತ ಕಂಡಿತು. ಆ ಕುಟುಂಬಕ್ಕೆ 'ಜ್ಯೂಕ್ಸ್' ಅಂತ ಸುಳ್ಳು ಹೆಸರಿಟ್ಟು 1877ರಲ್ಲಿ ಪ್ರಕಟಿಸಿದರು. ಡಗ್ಡೇಲ್ ಪರಿಸರದ ಮೇಲೂ ಒತ್ತು ಕೊಟ್ಟಿದ್ದರು, ಒಳ್ಳೆ ಮನೆ, ಒಳ್ಳೆ ಶಾಲೆ ಸಿಕ್ಕರೆ ಜನ ಬದಲಾಗುತ್ತಾರೆ ಅಂದಿದ್ದರು. ಮುಂದಿನವರು ಆ ಭಾಗ ಬಿಟ್ಟು ಬರೀ ರಕ್ತದ ಮಾತು ಎತ್ತಿಕೊಂಡರು. ಡಗ್ಡೇಲ್ ಕೈಬರಹದಲ್ಲಿದ್ದ ನಿಜವಾದ ಹೆಸರುಗಳು ಎಸ್ಟಾಬ್ರೂಕ್ ಕೈಗೆ ಸಿಕ್ಕಿ, ಅದೇ ಮನೆತನಗಳ ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋಗಿ 1916ರಲ್ಲಿ ಮತ್ತೆ ಬರೆದರು. ಒಂದು ಸಲ ಪಟ್ಟಿಗೆ ಸೇರಿದ ಮನೆ ಮತ್ತೆ ಮತ್ತೆ ಪಟ್ಟಿಗೆ ಸೇರುತ್ತದೆ. ಹುಡುಕುವವರಿಗೆ ವಿಳಾಸ ಗೊತ್ತಿರುತ್ತಲ್ಲ.

ಇದನ್ನು ಓದುವಾಗ ನಮ್ಮೂರಿನ ಸೆಟ್ಲ್‌ಮೆಂಟ್ ನೆನಪಾಗದೆ ಇರಲಿಲ್ಲ. ಹುಬ್ಬಳ್ಳಿಯವರಿಗೆ, ಗದಗಿನವರಿಗೆ ಸೆಟ್ಲ್‌ಮೆಂಟ್ ಅಂದರೆ ಒಂದು ಏರಿಯಾದ ಹೆಸರು. ಬ್ರಿಟಿಷರ ಕಾಲದಲ್ಲಿ ಅದು ತಂತಿ ಬೇಲಿಯೊಳಗಿನ ಜಾಗ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ರಿಜಿಸ್ಟರಿಗೆ ಸೇರಿಸಿ, ಹಾಜರಿ ಹಾಕಿಸಿ, ಪಾಸಿಲ್ಲದೆ ಹೊರಗೆ ಹೋಗದ ಹಾಗೆ ಮಾಡಿದ್ದರು. ಆ ಕಾಯ್ದೆ ಹೋದದ್ದು 1952ರಲ್ಲಿ. ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೂ ಅದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಅವ್ವ ಫೋನಿನಲ್ಲಿ "ಯಾರ್ದೋ ಊರಿನ ಜೇಲಿನ ಕಾಗದ ನಿನಗ್ಯಾಕ ಬೇಕಾಗಿತ್ತವಾ?" ಅಂದಾಗ ನಾನು ಕೊಟ್ಟ ಉತ್ತರ ಇದು. ಅವ್ವ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಓಣ್ಯಾಗ ಆ ಕಡೆ ಹುಡುಗೂರನ್ನ ಕೆಲಸಕ್ಕ ಇಟ್ಕೊಳ್ತಿದ್ದಿಲ್ಲ ನೋಡು" ಅಂದಳು. ಕಾಯ್ದೆ ಹೋಗಿ ಎಷ್ಟೋ ವರ್ಷ ಆದ ಮೇಲಿನ ಮಾತು ಅದು.

ಇನ್ನು ಕಾಗದಗಳು. ಬೆಡ್‌ಫರ್ಡಿನ ಒಳಗಿಂದ ಹೋಗುವ, ಹೊರಗಿಂದ ಬರುವ ಪ್ರತಿ ಕಾಗದವನ್ನೂ ಓದುತ್ತಿದ್ದರು. ಸರಿ ಕಾಣದಿದ್ದರೆ ತಡೆದು ಫೈಲಿಗೆ ಸೇರಿಸುತ್ತಿದ್ದರು. ನೂರು ವರ್ಷದ ಮೇಲೆ ನನ್ನ ಮೇಜಿಗೆ ಬಂದವು ಇಂಥವೇ. ತಾಯಿಗೆ ಬರೆದದ್ದು ತಾಯಿಗೆ ಮುಟ್ಟಿಲ್ಲ. ಗೆಳತಿಗೆ ಗುಟ್ಟಾಗಿ ಬರೆದ ಚೀಟಿ ಮಡಿಕೆ ಮಡಿಕೆಯಾಗಿ ಹಾಗೇ ಇದೆ. ಕರಿಯ ಮತ್ತು ಬಿಳಿಯ ಹುಡುಗಿಯರ ನಡುವಿನ ಪ್ರೀತಿ ಅಧಿಕಾರಿಗಳಿಗೆ ದೊಡ್ಡ ತಲೆನೋವಾಗಿ, 1917ರಲ್ಲಿ ಬಣ್ಣ ನೋಡಿ ವಸತಿಯನ್ನೇ ಬೇರೆ ಮಾಡಿದರು. ಅಂಥ ಚೀಟಿಗಳೂ ಸಾಕ್ಷಿ ಅಂತ ಫೈಲಿನಲ್ಲಿವೆ.

ಓದಬೇಕೋ ಬೇಡವೋ ಅನ್ನೋದು ಸುಲಭದ ಪ್ರಶ್ನೆ ಆಗಿರಲಿಲ್ಲ. ಅವರು ನನಗೆ ಬರೆದದ್ದಲ್ಲ. ಆದರೆ ಇಡೀ ಫೈಲಿನಲ್ಲಿ ಅವರ ಸ್ವಂತ ಮಾತು ಇರುವುದು ಅಲ್ಲಿ ಮಾತ್ರ. 'ಬುದ್ಧಿ ಹತ್ತು ವರ್ಷದ ಮಗುವಿನಷ್ಟು' ಅಂತ ಪರೀಕ್ಷೆಯ ಹಾಳೆ ಹೇಳುವ ಹುಡುಗಿ, ಪಕ್ಕದ ಕಾಗದದಲ್ಲಿ ತಂಗಿಯ ಶಾಲೆಯ ಫೀಸು, ಬಾಡಿಗೆ, ತನಗೆ ಬರಬೇಕಾದ ಸಂಬಳ ಎಲ್ಲ ಲೆಕ್ಕ ಹಾಕಿ, ಯಾರನ್ನು ಯಾವ ಕ್ರಮದಲ್ಲಿ ಕೇಳಬೇಕು ಅಂತ ತಾಯಿಗೆ ಹೇಳಿಕೊಟ್ಟಿದ್ದಾಳೆ. ನಾನು ಓದಿದೆ. ಸಾಲು ನಕಲು ಮಾಡಿಕೊಳ್ಳಲಿಲ್ಲ. ಕಾಗದ ಇದೆ, ಯಾರಿಗೆ, ಮುಟ್ಟಿತೋ ಇಲ್ಲವೋ ಅಂತ ಅಷ್ಟೇ ಗುರುತು ಹಾಕಿಕೊಂಡೆ.

ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಲಕ್ಷಾಂತರ ಕಾರ್ಡುಗಳ ಗತಿ ಏನಾಯಿತು ಅಂತ ಕೇಳಬಹುದು. 1935ರಲ್ಲಿ, ಆಗ ಆಫೀಸನ್ನು ನಡೆಸುತ್ತಿದ್ದ ಕಾರ್ನೆಗಿ ಸಂಸ್ಥೆ ಒಂದು ಸಮಿತಿ ಕಳಿಸಿತು. ಮನುಷ್ಯರ ಅನುವಂಶೀಯತೆಯ ಅಧ್ಯಯನಕ್ಕೆ ಈ ದಾಖಲೆಗಳು ಪ್ರಯೋಜನಕ್ಕೆ ಬರುವುದಿಲ್ಲ ಅಂತ ಸಮಿತಿ ಹೇಳಿತು. 1939ರ ಕೊನೆಗೆ ಬಾಗಿಲು ಹಾಕಿತು. ಪೆಟ್ಟಿಗೆಗಳು ಮಿನೆಸೋಟಾಗೆ ಹೋಗಿ, ಬಹಳಷ್ಟು ಕೊನೆಗೆ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿ ಸೇರಿದವು. ವಿಜ್ಞಾನಕ್ಕೆ ಬೇಡವಾದವು ಇತಿಹಾಸಕ್ಕೆ ಬೇಕಾದವು.

ವಿವರಣೆ ಬರೆಯಲು ಕೂತಾಗ ಮಾರ್ಗದರ್ಶಿಗೂ ನನಗೂ ಸ್ವಲ್ಪ ವಾದ ಆಯಿತು. ಫೈಲಿನ ಭಾಗಗಳ ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೂ 'ಮಾಹಿತಿ ಕೊಟ್ಟವರು' ಅನ್ನೋ ಅಂಕಣ ಇರಬೇಕು ಅಂದೆ. ಪತ್ರಾಗಾರದ ವಿವರಣೆಯಲ್ಲಿ ಅಷ್ಟು ವಿವರ ಹಾಕುವ ರೂಢಿ ಇಲ್ಲ ಅಂದರು. ಮಾದರಿಗೆ ಆರಿಸಿದ ಫೈಲುಗಳಿಗಾದರೂ ಮಾಡೋಣ ಅಂತ ಒಪ್ಪಿಸಿದೆ. ಮುಂದಿನದು ಹೆಸರಿನ ಪ್ರಶ್ನೆ. ಕೈದಿಗಳ ಹೆಸರು ಮುಚ್ಚಿಡುವುದು ಸರಿ. ಆದರೆ ವರದಿ ಬರೆದ ಫೀಲ್ಡ್ ವರ್ಕರ್ ಸಂಬಳಕ್ಕೆ ಇದ್ದವಳು, ಸಹಿ ಹಾಕಿದವಳು. ಅವಳ ಹೆಸರು ಯಾಕೆ ಮುಚ್ಚಬೇಕು? ಹೆಚ್ಚಿನವರು ಮೊದಲ ಕೆಲಸಕ್ಕೆ ಸೇರಿದ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯರು ಅಂತ ಮಾರ್ಗದರ್ಶಿ ಹೇಳಿದರು. ಒಳಗಿದ್ದವರೂ ಅದೇ ವಯಸ್ಸಿನವರು ಅಂದೆ.

ಕೊನೆಗೆ ಸಹಿ ಇರುವ ಕಡೆ ಬರೆದವರ ಹೆಸರು ಸೇರಿಸಿದೆವು. ಸಹಿ ಇಲ್ಲದ ಕಡೆ 'ಬರೆದವರು ಯಾರೆಂದು ಫೈಲಿನಲ್ಲಿ ಇಲ್ಲ' ಅಂತ ಹಾಕಿದೆವು. ಅಂಥವು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಇದ್ದವು.